ಗೋಡೆಯಾಚೆಯ ಟಾಕೀಸು

ನಮ್ಮ ಹಿತ್ತಲಿನ ಗೋಡೆ ಮತ್ತು ಟಾಕೀಸಿನ ಗೋಡೆ ಒಂದೇ ಆಗಿತ್ತು. ಬೆಟಗೇರಿಯ ಓಣಿಗಳಲ್ಲಿ ಹೀಗೆ ಗೋಡೆ ಹಂಚಿಕೊಂಡ ಮನೆಗಳು ಬೇಕಾದಷ್ಟಿವೆ. ನಮ್ಮ ಮನೆಗೆ ಒಂದು ಬದಿಯಲ್ಲಿ ನೇಕಾರರ ಮಗ್ಗ, ಇನ್ನೊಂದು ಬದಿಯಲ್ಲಿ ಸಿನಿಮಾ. ಹಾಗಾಗಿ ನಾನು ಸಿನಿಮಾ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಸಿನಿಮಾ ಕೇಳಿದವನು.

ಟಾಕೀಸಿನ ಹೆಸರು ಇಲ್ಲಿ ಬರೆಯುವುದಿಲ್ಲ. ಮಾಲಕರ ಮನೆತನದವರು ಇನ್ನೂ ಊರಲ್ಲಿದ್ದಾರೆ. ಎದುರು ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ಅವರ ಮನೆಯ ಮಾತೆಲ್ಲ ಬರೆದು ಆ ಚಹಾ ಕಳೆದುಕೊಳ್ಳುವುದು ನನಗೆ ಬೇಡ. ಓಣಿಯವರ ಬಾಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ ಅನ್ನಿ. ಗದಗ ಪೇಟೆಯ ಥೇಟರುಗಳಿಗೆ ಹೆಸರು ಹಿಡಿದು ಕರೆಯುತ್ತಿದ್ದರು. ಇದು ಮಾತ್ರ ಬರೀ 'ಟಾಕೀಸ'. 'ಎಲ್ಲಿಗೆ ಹೊಂಟಿ?' 'ಟಾಕೀಸ್ ಕಡೆ.' ಅಷ್ಟೇ.

ಗೋಡೆಯ ಮೇಲ್ಭಾಗದಲ್ಲಿ ಮೂರು ದುಂಡನೆಯ ತೂತುಗಳಿದ್ದವು. ಒಳಗಿನ ಬೀಡಿ ಹೊಗೆ ಹೊರಗೆ ಹೋಗಲಿ ಎಂದು ಫ್ಯಾನು ಕೂರಿಸಲು ಬಿಟ್ಟದ್ದು. ಎರಡರಲ್ಲಿ ಫ್ಯಾನು ತಿರುಗುತ್ತಿತ್ತು. ಮೂರನೆಯದು ಖಾಲಿ. ನಮ್ಮ ಮನೆಗೆ ಸಿನಿಮಾ ಬರುತ್ತಿದ್ದುದು ಆ ಖಾಲಿ ತೂತಿನಿಂದ. ಹೊಗೆಯೂ ಅಲ್ಲಿಂದಲೇ.

ಸಂಜೆ ಮೊದಲನೇ ಆಟಕ್ಕೆ ಮುಂಚೆ ಹೊರಗಿನ ಹಾರ್ನ್ ಸ್ಪೀಕರಿನಲ್ಲಿ ಗಣಪತಿ ಹಾಡು. ಆಮೇಲೆ ಒಳಗೆ ಸರ್ಕಾರದ ಸುದ್ದಿಚಿತ್ರ. ಕೇಂದ್ರ ಸರ್ಕಾರ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಶುರು ಮಾಡಿತ್ತಲ್ಲ, ಅಲ್ಲಿಂದ ಬರುವ ಸಣ್ಣ ಚಿತ್ರಗಳನ್ನು ಪ್ರತಿ ಆಟಕ್ಕೂ ತೋರಿಸಲೇಬೇಕು ಎಂಬ ಕಟ್ಟಳೆ ಇತ್ತು. ಅಣೆಕಟ್ಟು, ನೆರೆ, ಕಾರ್ಖಾನೆ ಉದ್ಘಾಟನೆ. ಒಳಗೆ ಕೂತವರಿಗೆ ಅದು ಬೀಡಿ ಸೇದುವ ಹೊತ್ತು. ನಮ್ಮ ಅವ್ವನಿಗೆ ಗಡಿಯಾರ. ಆ ಗಂಭೀರ ಧ್ವನಿ ಶುರುವಾಯಿತು ಅಂದರೆ ಅವಳು ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಇಂಟರ್ವಲ್ ಬೆಲ್ಲಿಗೆ ನಮ್ಮ ಊಟ ಮುಗಿದಿರಬೇಕು. ಎರಡನೇ ಆಟದ ಹೊತ್ತಿಗೆ ನಾವು ಮಲಗಿರುತ್ತಿದ್ದೆವು, ಆದರೆ ಕಿವಿ ಮಲಗುತ್ತಿರಲಿಲ್ಲ. ವಜ್ರಮುನಿಯವರ ನಗು ಕೇಳಿದ ರಾತ್ರಿ ಹಿತ್ತಲಿಗೆ ಹೋಗಲು ನನಗೆ ಜೊತೆ ಬೇಕಿತ್ತು. ಆಮೇಲೆ ಅವರನ್ನು ಪರದೆಯ ಮೇಲೆ ಮೊದಲ ಸಲ ನೋಡಿದಾಗ ಸ್ವಲ್ಪ ನಿರಾಸೆಯೇ ಆಯಿತು. ನನ್ನ ಮನಸ್ಸಿನ ವಜ್ರಮುನಿ ಗೋಡೆಗಿಂತ ಎತ್ತರ ಇದ್ದರು.

ಟಾಕೀಸು ಅನ್ನುವ ಹೆಸರೇ ಮಾತಿನಿಂದ ಬಂದದ್ದು. 1931ರಲ್ಲಿ ಮುಂಬಯಿಯಲ್ಲಿ ಮೊದಲ ಹಿಂದಿ ಮಾತಿನ ಚಿತ್ರ, 1934ರಲ್ಲಿ ಕನ್ನಡದ 'ಸತಿ ಸುಲೋಚನ'. ಅದಕ್ಕೆ ಮುಂಚಿನ ಚಿತ್ರಗಳು ಮೂಕ. ನಮ್ಮ ಗೋಡೆಯಾಚೆ ಮೂಕ ಚಿತ್ರ ಓಡಿದ್ದರೆ ನನ್ನ ಬಾಲ್ಯ ಬೇರೆಯೇ ಇರುತ್ತಿತ್ತು.

ಆದರೆ ಆ ಕಟ್ಟಡ ಸಿನಿಮಾಕ್ಕೆಂದು ಕಟ್ಟಿದ್ದಲ್ಲ. ಅದು ನಾಟಕದ ಥೇಟರು. ಗದಗ ಕಂಪನಿ ನಾಟಕಗಳ ತವರು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇಲ್ಲಿಯದೇ. ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ನಾಟಕ ಕಂಪನಿ ನಡೆಸಿದವರು. ಅಂಥ ಊರಲ್ಲಿ ತಗಡು ಹೊದಿಸಿದ, ಮುಂದೆ ಎತ್ತರದ ಕಟ್ಟೆ ಇರುವ ದೊಡ್ಡ ಹಾಲು ಒಂದಿದ್ದರೆ ಬಾಡಿಗೆಗೆ ಬರಗಾಲವಿಲ್ಲ. ಸಿನಿಮಾ ಬಂದಾಗ ಅದೇ ಕಟ್ಟೆಯ ಮೇಲೆ ಬಿಳಿ ಪರದೆ ಕಟ್ಟಿದರು. ನಾವು ಹುಡುಗರು ಪರದೆಯ ಹಿಂದೆ ನುಸುಳಿದಾಗ ಹಲಗೆಯ ನೆಲದಲ್ಲಿ ಒಂದು ಚೌಕಾಕಾರದ ಮುಚ್ಚಳ ಇತ್ತು. ದೇವರು ಪ್ರತ್ಯಕ್ಷ ಆಗುತ್ತಿದ್ದುದು, ರಾಕ್ಷಸ ಮಾಯ ಆಗುತ್ತಿದ್ದುದು ಅಲ್ಲಿಂದಂತೆ. ನಾವು ಎತ್ತಿ ನೋಡಿದಾಗ ಒಳಗಿದ್ದುದು ಇಲಿ.

ಅಜ್ಜ ಹೇಳುತ್ತಿದ್ದ ಒಂದು ಕಥೆ ನನಗೆ ಇವತ್ತಿಗೂ ಇಷ್ಟ. ನಾಟಕದ ಕಾಲದಲ್ಲಿ ಮೈಕು ಇರಲಿಲ್ಲ. ನಟ ಬಾಯಿಂದ ಹೇಳಿದ್ದು ಕಿವಿಗೆ ಬೀಳಬೇಕು, ಮುಖದ ಬಣ್ಣ ಕಣ್ಣಿಗೆ ಕಾಣಬೇಕು. ಅಂದರೆ ಮುಂದೆ ಕೂಡಬೇಕು. ಮುಂದಿನ ಕುರ್ಚಿಗೆ ಜಾಸ್ತಿ ರೊಕ್ಕ, ಹಿಂದೆ ನಿಂತವರಿಗೆ ಕಡಿಮೆ. ಸಿನಿಮಾ ಬಂದ ದಿನ ಇದು ತಿರುವುಮುರುವಾಯಿತು. ಪರದೆಯ ಬುಡದಲ್ಲಿ ಕೂತರೆ ಕುತ್ತಿಗೆ ನೋವು, ಚಿತ್ರ ಮಸುಕು. ಹಾಗಾಗಿ ಮುಂದಿನ ಜಾಗ ಅಗ್ಗ, ಹಿಂದಿನದು ತುಟ್ಟಿ. ಆ ಹಾಲಿನಲ್ಲಿ ಯಾವಾಗಲೂ ಮೊದಲ ಸಾಲಿನಲ್ಲೇ ಕೂಡುತ್ತಿದ್ದ ಒಬ್ಬ ಹತ್ತಿ ಸಾಹುಕಾರರಿಗೆ ಇದನ್ನು ತಿಳಿಸಿ ಹೇಳಲು ಹೋದ ಡೋರ್‌ಕೀಪರ್ ಬೈಸಿಕೊಂಡನಂತೆ. 'ಇಷ್ಟ್ ರೊಕ್ಕ ಕೊಟ್ಟು ಹಿಂದ ಕೂಡ್ಲಿಕ್ಕೆ ನಾ ಏನು ಹಮಾಲನೇನಲೇ?' ಸಾಹುಕಾರರು ಮೊದಲ ಸಾಲಿನಲ್ಲೇ ಕೂತು, ತಲೆ ಮೇಲೆತ್ತಿ, ಪೂರಾ ಸಿನಿಮಾ ನೋಡಿದರು. ಮರುದಿನ ಕುತ್ತಿಗೆಗೆ ಎಣ್ಣೆ ಹಚ್ಚಿಸಿಕೊಂಡರು. ಮುಂದಿನ ವಾರ ಸುಮ್ನೆ ಹಿಂದೆ ಹೋಗಿ ಕೂತರು.

ಅವರು ಹಿಂದೆ ಹೋದರು, ಹಮಾಲರು ಮುಂದೆ ಬಂದರು. ಹಿಂದೆ ಕೂತವರಿಗೆ ಮುಂದಿನವರ ತಲೆ ಅಡ್ಡ ಬರಬಾರದಲ್ಲ, ಅದಕ್ಕೆ ಮಾಲಕರು ಗಾಡಿಗಟ್ಟಲೆ ಗರಸು ಹಾಕಿಸಿ, ಮೇಲೆ ಗಿಲಾಯಿ ಮಾಡಿಸಿ, ನೆಲವನ್ನು ಹಿಂದಿನಿಂದ ಮುಂದಕ್ಕೆ ಇಳಿಜಾರು ಮಾಡಿಸಿದರು. ಈ ಇಳಿಜಾರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ.

ಅಲ್ಲಿಂದ ನನ್ನ ಕಾಲದವರೆಗೂ ವ್ಯವಸ್ಥೆ ಬದಲಾಗಲಿಲ್ಲ. ಪರದೆಯ ಮುಂದೆ ನೆಲ. ಅದರ ಹಿಂದೆ ಬೆಂಚು. ಆಮೇಲೆ ಬೆತ್ತದ ಕುರ್ಚಿ, ಅದರೊಳಗೆ ತಗಣಿ. ಮೇಲೆ ಬಾಲ್ಕನಿ, ಅಲ್ಲೂ ತಗಣಿ. ತಗಣಿಗೆ ಮಾತ್ರ ಯಾವ ಕ್ಲಾಸಿನ ಟಿಕೀಟೂ ಬೇಕಿರಲಿಲ್ಲ. ಒಂದು ಬದಿಗೆ ಎದೆಯೆತ್ತರದ ಗೋಡೆ ಹಾಕಿ ಹೆಂಗಸರ ಜಾಗ. ಅವ್ವ, ದೊಡ್ಡವ್ವ, ಓಣಿಯ ನೇಕಾರರ ಮನೆಯ ಹೆಂಗಸರು ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದುದು ಅಲ್ಲಿಗೆ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು. ಅವತ್ತು ಟಾಕೀಸು ಜಾತ್ರೆ. ಬುಕಿಂಗ್ ಕಿಂಡಿಯಲ್ಲಿ ಒಂದೇ ಕೈ ತೂರುವಷ್ಟು ಜಾಗ, ಅದರೊಳಗೆ ನಾಲ್ಕು ಕೈ. ಹೊರಗೆ ಮಿರ್ಚಿ, ಬದನೆಕಾಯಿ ಬಜಿ, ಗಿರಮಿಟ್ಟು. ಆಟ ಮುಗಿದ ಮೇಲೆ ಕಸ ಹೊಡೆಯುವವಳು ಒಂದು ಬುಟ್ಟಿ ಶೇಂಗಾ ಸಿಪ್ಪೆ ಹೊತ್ತು ತಂದು ನಮ್ಮ ಗೋಡೆಯ ಬುಡಕ್ಕೆ ಸುರಿಯುತ್ತಿದ್ದಳು. ಸಿನಿಮಾ ಚೆನ್ನಾಗಿದ್ದರೆ ಸಿಪ್ಪೆ ಕಡಿಮೆ ಎಂದು ಅವಳೇ ಹೇಳುತ್ತಿದ್ದಳು. ಜನ ತಿನ್ನುವುದನ್ನು ಮರೆಯುತ್ತಾರೆ, ಅಲ್ವಾ?

ನನ್ನ ಅಪ್ಪನ ಹೆಸರೂ ಒಮ್ಮೆ ಆ ಪರದೆಯ ಮೇಲೆ ಬಂದಿತ್ತು. ಆಗ ಯಾರನ್ನಾದರೂ ತುರ್ತಾಗಿ ಹೊರಗೆ ಕರೆಯಬೇಕಾದರೆ, ಗಾಜಿನ ತುಂಡಿಗೆ ದೀಪದ ಮಸಿ ಹಿಡಿಸಿ, ಕಡ್ಡಿಯಿಂದ ಹೆಸರು ಗೀಚಿ, ಸ್ಲೈಡ್ ಮಾಡಿ ತೋರಿಸುತ್ತಿದ್ದರು. ನಾನು ಹುಟ್ಟಿದ ಸಂಜೆ ಅಪ್ಪ ಬೆಂಚಿನ ಮೇಲಿದ್ದರು. ನಾಯಕನ ಮುಖದ ಮೇಲೆ ಅವರ ಹೆಸರು, ಕೆಳಗೆ 'ಕೂಡಲೇ ಹೊರಗೆ ಬರಬೇಕು'. ಅಪ್ಪ ಹೇಳುವ ಪ್ರಕಾರ ಅವರು ಓಡಿ ಬಂದರು. ಅವ್ವ ಹೇಳುವ ಪ್ರಕಾರ ಇಂಟರ್ವಲ್ ಆದ ಮೇಲೆ ಬಂದರು.

ಮಾಲಕರು ದೊಡ್ಡವರು ನಿಜ. ಆದರೆ ನಮಗೆ ದೊಡ್ಡವನು ಆಪರೇಟರ್ ಕಾಕಾ. ತೆಳ್ಳಗಿನ ಮನುಷ್ಯ, ಬೇಸಿಗೆಯಲ್ಲಿ ಬರೀ ಬನಿಯನ್ನು. ಒಂದೇ ಒಂದು ಸಲ ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿದ್ದರು. ಕಬ್ಬಿಣದ ಏಣಿ, ಕಬ್ಬಿಣದ ಬಾಗಿಲು, ಬಾಗಿಲ ಪಕ್ಕ ಮರಳು ತುಂಬಿದ ಕೆಂಪು ಬಕೆಟ್ಟು. ಹಳೆಯ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಸಾಕು, ಬುಗ್ಗೆಂದು ಉರಿಯುತ್ತಿತ್ತು. ನೀರಿಗೂ ಆರುತ್ತಿರಲಿಲ್ಲ. 1950ರ ದಶಕದಲ್ಲಿ ಸುಲಭವಾಗಿ ಹೊತ್ತಿಕೊಳ್ಳದ ಫಿಲ್ಮು ಬಂತು, ಬಕೆಟ್ಟು ಮಾತ್ರ ಅಲ್ಲೇ ಉಳಿಯಿತು. ಕಾಕಾ ಅದರಲ್ಲಿ ಬೀಡಿ ಚುಚ್ಚಿ ಆರಿಸುತ್ತಿದ್ದರು.

ಒಳಗೆ ಎರಡು ಪ್ರೊಜೆಕ್ಟರು. ಅವುಗಳೊಳಗೆ ಬಲ್ಬು ಇಲ್ಲ. ಪೆನ್ಸಿಲಿಗಿಂತ ದಪ್ಪನೆಯ ಎರಡು ಕಾರ್ಬನ್ ಕಡ್ಡಿ, ಎದುರುಬದುರು. ಎರಡರ ತುದಿ ಮುಟ್ಟಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ಕರೆಂಟು ಹಾರುತ್ತದೆ, ಬಿಳೀ ಬೆಂಕಿ ಹೊತ್ತುತ್ತದೆ. ಹಿಂದೆ ಒಂದು ದುಂಡು ಕನ್ನಡಿ ಆ ಬೆಳಕನ್ನು ಒಟ್ಟು ಮಾಡಿ ಫಿಲ್ಮಿನ ಮೇಲೆ ಬಿಡುತ್ತದೆ. ಕಡ್ಡಿ ಉರಿದು ಸವೆಯುತ್ತಾ ಹೋಗುತ್ತದೆ, ಹಾಗಾಗಿ ಕೈ ಸದಾ ಚಕ್ರದ ಮೇಲೇ ಇರಬೇಕು. ಸ್ವಲ್ಪ ಮರೆತರೆ ಪರದೆ ಹಳದಿಯಾಗುತ್ತದೆ, ಕೆಳಗೆ ಸಿಳ್ಳೆ. ಪಕ್ಕದ ಕಪ್ಪು ಗಾಜಿನಿಂದ ನೋಡಲು ಬಿಟ್ಟರು. 'ಬರೇ ಕಣ್ಣಲೆ ನೋಡಬ್ಯಾಡೋ, ಕಣ್ಣ ಹೋಗ್ತಾವು.'

ಕಾಕಾ ಲೆಕ್ಕ ಹೇಳಿಕೊಟ್ಟರು. ಸೆಕೆಂಡಿಗೆ 24 ಚಿತ್ರ. ನಿಮಿಷಕ್ಕೆ 90 ಅಡಿ ಫಿಲ್ಮು. ಸಾವಿರ ಅಡಿಯ ಒಂದು ರೀಲಿಗೆ ಹನ್ನೊಂದು ನಿಮಿಷ. ಎರಡೂವರೆ ತಾಸಿನ ಸಿನಿಮಾ ಅಂದರೆ 13,500 ಅಡಿ, ಅಂದರೆ ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರು. ಒಂದು ಪ್ರೊಜೆಕ್ಟರಿನ ಫಿಲ್ಮು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಇನ್ನೊಂದನ್ನು ಚಾಲೂ ಮಾಡಬೇಕು. ಎರಡನೇ ಚುಕ್ಕೆ ಬಂದಾಗ ಬೆಳಕನ್ನು ಇದರಿಂದ ಅದಕ್ಕೆ ಬದಲಿಸಬೇಕು. ಸರಿಯಾಗಿ ಮಾಡಿದರೆ ಕೆಳಗಿನವರಿಗೆ ಗೊತ್ತೇ ಆಗುವುದಿಲ್ಲ. ಆ ಚುಕ್ಕೆ ಒಮ್ಮೆ ಕಂಡವನಿಗೆ ಮುಂದೆ ಯಾವ ಸಿನಿಮಾ ನೋಡಿದರೂ ಅದೇ ಕಾಣುತ್ತದೆ. ನಾಯಕಿ ಅಳುತ್ತಿದ್ದರೂ ನನ್ನ ಕಣ್ಣು ಮೂಲೆಯ ಮೇಲೆ.

ಸವೆದು ಉಳಿದ ಕಾರ್ಬನ್ ತುಂಡುಗಳನ್ನು ಕಾಕಾ ಕಿಟಕಿಯಿಂದ ನಮ್ಮ ಕಡೆ ಎಸೆಯುತ್ತಿದ್ದರು. ಅದರ ಮೇಲೆ ತೆಳ್ಳನೆಯ ತಾಮ್ರದ ಲೇಪ. ಕೆರೆದು ಕೂಡಿಟ್ಟು ಗುಜರಿಯವನಿಗೆ ಕೊಟ್ಟರೆ ಪೆಪ್ಪರಮಿಂಟಿಗೆ ಆಗುವಷ್ಟು ಚಿಲ್ಲರೆ ಸಿಗುತ್ತಿತ್ತು. ಉಳಿದ ಕರಿಯಿಂದ ಟಾಕೀಸಿನ ಗೋಡೆಯ ಮೇಲೆ ಮೂರು ವಿಕೆಟ್ ಬರೆದುಕೊಳ್ಳುತ್ತಿದ್ದೆವು. ಚೆಂಡು ಬಿದ್ದರೆ ಒಳಗೆ ಧಪ್ ಎಂದು ಕೇಳುತ್ತಿತ್ತಂತೆ. ಮಧ್ಯಾಹ್ನದ ಆಟದಲ್ಲಿ ತಾಯಿ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ನಾವು ಔಟಾಗಿ, ಮ್ಯಾನೇಜರ್ ಕೋಲು ಹಿಡಿದು ಸುತ್ತು ಹಾಕಿ ಬಂದದ್ದುಂಟು.

ಎಡವಟ್ಟುಗಳೂ ಬೇಕಾದಷ್ಟು. ಕೆಲವು ಚಿತ್ರಗಳ ಒಂದೇ ಪ್ರಿಂಟು ಎರಡು ಥೇಟರಿಗೆ ಹಂಚಿಕೆ ಆಗುತ್ತಿತ್ತು. ಅಲ್ಲಿ ಓಡಿದ ರೀಲನ್ನು ಡಬ್ಬಿಯಲ್ಲಿ ಹಾಕಿಕೊಂಡು ಒಬ್ಬ ಹುಡುಗ ಸೈಕಲ್ ತುಳಿದು ಇಲ್ಲಿಗೆ ತರಬೇಕು. ಒಮ್ಮೆ ಸೈಕಲ್ ಪಂಕ್ಚರ್. ಮುಕ್ಕಾಲು ತಾಸು ಊರಿನ ಅಂಗಡಿಗಳ ಜಾಹೀರಾತು ಸ್ಲೈಡುಗಳನ್ನೇ ತಿರುಗಿ ತಿರುಗಿ ತೋರಿಸಿದರು. ಜನ ಸ್ಲೈಡಿಗೂ ಸಿಳ್ಳೆ ಹೊಡೆಯಲು ಶುರು ಮಾಡಿದರು.

ಇನ್ನೊಂದು ನಮ್ಮ ಮನೆಯಲ್ಲೇ ಸಿಕ್ಕಿಬಿದ್ದದ್ದು. ಒಂದು ಚಿತ್ರ ಬಂದು ನಾಲ್ಕನೇ ದಿನ. ಅವ್ವ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಳಗೆ ನಾಯಕನ ಅಪ್ಪ 'ಊಟಕ್ಕೆ ಬಡಸವ್ವಾ' ಎನ್ನುವಂಥ ಏನೋ ಮಾತು. ಅವ್ವ ಕೈ ನಿಲ್ಲಿಸಿ ಗೋಡೆ ನೋಡಿದಳು.

'ಅಯ್ಯ, ಇವ ಆಗಲೇ ಸತ್ತಿದ್ನಲ್ಲೋ?'

ನಿಜ. ಹತ್ತು ನಿಮಿಷದ ಹಿಂದೆ ಆತ ಸತ್ತು, ಅಳು ಮುಗಿದು, ಮಗ ಸೇಡಿನ ಮಾತಾಡಿಯಾಗಿತ್ತು. ಕಾಕಾ ಒಂದು ರೀಲು ಹಿಂದುಮುಂದು ಹಾಕಿದ್ದರು. ತಮಾಷೆ ಅಂದರೆ ಒಳಗಿನವರು ಇನ್ನೂ ಸುಮ್ಮನೇ ನೋಡುತ್ತಿದ್ದರು. ಕನಸಿನ ದೃಶ್ಯ ಇರಬೇಕು ಅಂದುಕೊಂಡರೋ ಏನೋ. ಸಿಳ್ಳೆ ಬಿದ್ದದ್ದು ಅವ್ವ ಹೇಳಿ ಎರಡು ನಿಮಿಷಕ್ಕೆ. ಮರುದಿನ ಇದನ್ನು ಹೇಳಿದಾಗ ಕಾಕಾ ನಕ್ಕು, 'ನಿಮ್ಮವ್ವಗ ಪಗಾರ ಕೊಟ್ಟು ಇಟ್ಕೋಬೇಕು ನೋಡು' ಅಂದರು.

ಗೋಡೆ ಪೂರಾ ಸುಮ್ಮನಿದ್ದ ದಿನಗಳು ಕಡಿಮೆ. ಒಂದು ನನಗೆ ಸ್ಪಷ್ಟ ನೆನಪಿದೆ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಅಪಘಾತದಲ್ಲಿ ಹೋದ ದಿನ. ಗಣಪತಿ ಹಾಡು ಬರಲಿಲ್ಲ. ಅವ್ವ ರೊಟ್ಟಿಗೆ ಕೂಡುವುದನ್ನೇ ಮರೆತಳು. ಓಣಿಯ ಆಟೋದವರು ಟಾಕೀಸಿನ ಮುಂದೆ ಗಾಡಿ ಹಚ್ಚಿ ಸುಮ್ಮನೆ ನಿಂತಿದ್ದರು.

ಟಾಕೀಸು ಯಾಕೆ ಮುಚ್ಚಿತು ಅಂದರೆ ಎಲ್ಲರೂ ಹೇಳುವುದು ಟಿವಿ ಬಂತು ಎಂದು. ಅದರಲ್ಲಿ ಸುಳ್ಳಿಲ್ಲ. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಓಣಿಯ ಒಂದೇ ಟಿವಿಯ ಮುಂದೆ ಚಪ್ಪಲಿ ರಾಶಿ ಬಿದ್ದಿರುತ್ತಿತ್ತು. ಆಮೇಲೆ ವಿಡಿಯೋ ಕ್ಯಾಸೆಟ್, ಆಮೇಲೆ ಕೇಬಲ್. ಆದರೆ ರಾಮಾಯಣ ಮುಗಿಸಿಕೊಂಡು ಅದೇ ಜನ ಮಧ್ಯಾಹ್ನದ ಆಟಕ್ಕೆ ಬಂದದ್ದನ್ನೂ ನಾನು ನೋಡಿದ್ದೇನೆ.

ನನ್ನ ಲೆಕ್ಕದಲ್ಲಿ ಟಾಕೀಸು ಸಾಯಲು ಶುರುವಾದದ್ದು ಹೆಂಗಸರ ಪಾಯಖಾನೆಯಿಂದ. ಅದರ ಬಾಗಿಲು ಮುರಿದು ಬಿತ್ತು. ಮೊದಲು ಗೋಣಿತಟ್ಟು ಕಟ್ಟಿದರು, ಆಮೇಲೆ ಅದೂ ಹೋಯಿತು. ನೀರು ನಿಂತಿತು. ದೊಡ್ಡವ್ವ ಒಂದು ದಿನ ಅರ್ಧ ಸಿನಿಮಾಕ್ಕೆ ಎದ್ದು ಬಂದು, ನಮ್ಮ ಮನೆಯ ಹಿತ್ತಲಿಗೆ ಹೋಗಿ, ಮತ್ತೆ ಟಾಕೀಸಿಗೆ ಹೋಗಲಿಲ್ಲ. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಹೆಂಗಸರು ಬಿಟ್ಟ ಮೇಲೆ ಮಕ್ಕಳು ಬರಲಿಲ್ಲ. ಸಂಸಾರದ ಸಿನಿಮಾ ಹಾಕಿ ಪ್ರಯೋಜನ ಇಲ್ಲ ಎಂದಾಗಿ ಬೇರೆ ಥರದ ಚಿತ್ರಗಳು ಬಂದವು, ಪೋಸ್ಟರ್ ನೋಡಿ ನಾವು ತಲೆ ತಗ್ಗಿಸಿ ಹೋಗುವಂಥವು. ಅವ್ವ ಮೂರನೇ ತೂತಿಗೆ ಅಪ್ಪನ ಕೈಯಿಂದ ಹಳೆ ತಗಡು ಹೊಡೆಸಿದಳು. ಒಂದು ಬಾಗಿಲಿಗೆ ಎಷ್ಟು ಖರ್ಚಾಗುತ್ತಿತ್ತು? ಆದರೆ ಆ ಹೊತ್ತಿಗೆ ಮಾಲಕರ ಮನೆಯ ಅಣ್ಣತಮ್ಮಂದಿರಲ್ಲಿ ಪಾಲಿನ ಮಾತು ಶುರುವಾಗಿತ್ತು. ನಾಳೆ ಯಾರಿಗೆ ಹೋಗುತ್ತದೋ ಗೊತ್ತಿಲ್ಲದ ಗೋಡೆಗೆ ಯಾರು ಸುಣ್ಣ ಹೊಡೆಯುತ್ತಾರೆ?

ಅಷ್ಟರಲ್ಲಿ ನಾನು ನೌಕರಿಗೆಂದು ಹುಬ್ಬಳ್ಳಿಗೆ ಹೋದೆ. ಟಾಕೀಸು ಮುಚ್ಚಿದ್ದು ಅವ್ವನ ಫೋನಿನಲ್ಲಿ ಗೊತ್ತಾಯಿತು. ಅವಳು ಹೇಳಿದ್ದು, 'ಹೊತ್ತ ತಿಳೀವಲ್ತು' ಎಂದಷ್ಟೆ. ಮುಂದೆ ಉಳಿದ ಥೇಟರುಗಳಲ್ಲೂ ರೀಲು ಹೋಗಿ ಉಪಗ್ರಹದಿಂದ, ಹಾರ್ಡ್‌ಡಿಸ್ಕಿನಿಂದ ಸಿನಿಮಾ ಬರತೊಡಗಿತು. ಚುಕ್ಕೆ ಮಾಯವಾಯಿತು. 2020ರ ಮಾರ್ಚಿನಲ್ಲಿ ಎಲ್ಲ ಥೇಟರುಗಳಿಗೂ ಬೀಗ ಬಿದ್ದಾಗ ನಮ್ಮದು ಆ ಕಷ್ಟವನ್ನು ಎಂದೋ ದಾಟಿಯಾಗಿತ್ತು.

ಈ ಸಲ ಹೆಸರುಕಾಳಿನ ಸುಗ್ಗಿಯಲ್ಲಿ ಊರಿಗೆ ಹೋದಾಗ ಒಳಗೆ ಕಾಲಿಡುವ ಅವಕಾಶ ಸಿಕ್ಕಿತು. ದಲಾಲಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಅದನ್ನು ಗೋದಾಮಿಗೆ ಬಾಡಿಗೆ ಹಿಡಿದಿದ್ದಾನೆ. ಕುರ್ಚಿ ಇಲ್ಲ, ಬೆಂಚಿಲ್ಲ. ಬಾಲ್ಕನಿಯ ಕೆಳಗೆ ತೂಕದ ಯಂತ್ರ. ಪರದೆ ಇದ್ದ ಗೋಡೆಯಲ್ಲಿ ಬಿಳಿ ಚೌಕದ ಗುರುತು. ಹಾಲಿನ ತುಂಬ ಹೆಸರಿನ ಚೀಲ. ಚೀಲಗಳ ಕೆಳಗೆ ಅಲ್ಲಲ್ಲಿ ಹಲಗೆ, ಇಟ್ಟಂಗಿ ಕೊಟ್ಟಿದ್ದರು.

'ಇಲ್ಲಿ ಚೀಲಾ ನೆಟ್ಟಗ ನಿಂದ್ರಂಗಿಲ್ರೀ' ಎಂದರು ವಯಸ್ಸಾದ ಹಮಾಲರೊಬ್ಬರು. 'ನೆಲಾ ಇಳಿಜಾರ ಐತಿ. ಮ್ಯಾಲಿನಿಂದ ಒಂದ್ ಚೀಲಾ ಜಾರಿದ್ರ ಎಲ್ಲಾ ಪಡದೇಕ್ಕೇ ಹೋಗ್ತಾವು.'

ಪರದೆ ಹೋಗಿ ಎಷ್ಟು ವರ್ಷವಾಯಿತೋ. ಅವರಿಗೆ ಆ ಕಡೆ ಇನ್ನೂ 'ಪಡದೆ'ಯೇ. ಸಿನಿಮಾ ನೋಡುತ್ತಿದ್ದಿರಾ ಎಂದು ಕೇಳಿದೆ. ಚೀಲಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ, ಎಡಗಡೆಯ ಕಂಬದ ಹತ್ತಿರ ನಿಂತರು. 'ಇದs ನನ್ನ ಜಾಗಾ. ಕಂಬಕ್ಕ ಬೆನ್ ಹಚ್ಚಿ ಕೂಡ್ತಿದ್ದೆ. ಹೊತ್ತಾಗಿ ಬಂದ್ರೂ ಯಾರೂ ಕೂಡ್ತಿದ್ದಿಲ್ಲ.' ಕಂಬದ ಮೇಲೆ ಬೆನ್ನೆತ್ತರಕ್ಕೆ ಸುಣ್ಣ ಹೋಗಿ ಎಣ್ಣೆ ಹಿಡಿದಂತೆ ಕಪ್ಪಗಿತ್ತು. ಒಬ್ಬರ ಬೆನ್ನೇ ಇರಲಿಕ್ಕಿಲ್ಲ, ಆದರೆ ನಾನು ಏನೂ ಹೇಳಲಿಲ್ಲ.

ಮೇಲೆ ನೋಡಿದೆ. ಮೂರು ತೂತು. ಎರಡರಲ್ಲಿ ಪಾರಿವಾಳ. ಮೂರನೆಯದರ ತಗಡು ತುಕ್ಕು ಹಿಡಿದು ಅರ್ಧ ಕಳಚಿ, ಅಲ್ಲಿಂದ ಬಿಸಿಲು ಒಳಗೆ ಬಿದ್ದಿತ್ತು. ಬೆಳಕಿನ ಕೋಲಿನಲ್ಲಿ ಹೆಸರಿನ ಧೂಳು ತಿರುಗುತ್ತಿತ್ತು. ಆಚೆ ನಮ್ಮ ಹಿತ್ತಲು. ಮನೆ ಮಾರಿಯಾಗಿದೆ, ಈಗ ಯಾರಿದ್ದಾರೋ ಗೊತ್ತಿಲ್ಲ. ಪಾತ್ರೆ ಇಟ್ಟ ಸದ್ದು ಕೇಳಿಸಿತು. ನಲ್ಲಿ ಬಿಟ್ಟರು. ಒಂದು ಹೆಂಗಸಿನ ದನಿ ಯಾರಿಗೋ ಬೈಯುತ್ತಿತ್ತು, ಒಂದು ಮಗು ಎದುರುತ್ತರ ಕೊಡುತ್ತಿತ್ತು. ಮಾತು ಪೂರ್ತಿ ತಿಳಿಯಲಿಲ್ಲ. ಇನ್ನೂ ಸ್ವಲ್ಪ ಹತ್ತಿರ ಹೋಗಿ ಕಿವಿ ಕೊಟ್ಟೆ.

'ಸರ, ಲಾರಿ ಬಂತು. ಸ್ವಲ್ಪ ಬಾಜೂ ಸರೀರಿ' ಎಂದರು ಹಮಾಲರು.